ಸೌಂದರ್ಯದ ಸೂಜಿ ಮತ್ತು ಕಣ್ಣರೆಪ್ಪೆಯ ಬಾವು

ಬೆಳಗ್ಗೆ ಎದ್ದಾಗ ಕಣ್ಣರೆಪ್ಪೆ ಬಾತುಕೊಂಡಿದ್ದರೆ ಕನ್ನಡಿಗರ ಮನೆಗಳಲ್ಲಿ ಅದಕ್ಕೆ ಕಾರಣಗಳು ಸಿದ್ಧವಾಗಿಯೇ ಇರುತ್ತವೆ. ನಿದ್ದೆಗೆಟ್ಟಿರಬೇಕು, ಉಷ್ಣವಾಗಿರಬೇಕು, ಸೊಳ್ಳೆ ಕಡಿದಿರಬೇಕು, ಕಣ್ಣುಕುರು ಏಳುತ್ತಿರಬೇಕು ಎಂದು ಹಿರಿಯರು ಒಂದೊಂದಾಗಿ ಹೇಳುತ್ತಾರೆ. ರಕ್ತಚಂದನ ತೇಯ್ದು ಹಚ್ಚುವವರುಂಟು, ನಂದಿಬಟ್ಟಲ ಹೂವನ್ನು ನೀರಿನಲ್ಲಿ ನೆನೆಸಿ ಕಣ್ಣ ಮೇಲಿಡುವವರುಂಟು. ಈ ಕಾರಣಗಳು ಇಂದಿಗೂ ಸುಳ್ಳಾಗಿಲ್ಲ. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಹೊಸ ಕಾರಣವೊಂದು ಇವುಗಳ ಜೊತೆ ಸೇರಿಕೊಂಡಿದೆ. ಮುಖದ ಸುಕ್ಕನ್ನೂ ಕಣ್ಣಿನ ಕೆಳಗಣ ಕುಳಿಯನ್ನೂ ತುಂಬಲು ಚರ್ಮದ ಅಡಿಗೆ ಚುಚ್ಚುವ ‘ಫಿಲ್ಲರ್’ ಎಂಬ ವಸ್ತುವೇ ಅದು. ಹಿರಿಯರ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಅನೇಕ ವೇಳೆ ವೈದ್ಯರ ಪಟ್ಟಿಯಲ್ಲಿಯೂ ಇರುವುದಿಲ್ಲ, ಏಕೆಂದರೆ ಚುಚ್ಚಿಸಿಕೊಂಡವರು ಅದನ್ನು ಹೇಳುವುದಿಲ್ಲ.

ಅಂಧೇರಿಯಲ್ಲಿ ಈ ವಿಷಯವನ್ನು ದೂರದ ಮಾತೆಂದು ತಳ್ಳಿಹಾಕುವಂತಿಲ್ಲ. ಲೋಖಂಡವಾಲಾ, ಓಶಿವರಾ, ವರ್ಸೋವಾ ಪರಿಸರದಲ್ಲಿ ಚಿತ್ರರಂಗದವರೂ ಕಿರುತೆರೆಯವರೂ ನೆಲೆಸಿದ್ದಾರೆ. ಅವರ ಹಿಂದೆಯೇ ಸೌಂದರ್ಯ ಚಿಕಿತ್ಸಾಲಯಗಳೂ ಬಂದಿವೆ. ಮೊದಲು ಬಣ್ಣದ ಲೋಕಕ್ಕೆ ಸೀಮಿತವಾಗಿದ್ದ ಈ ಸೂಜಿ ಇಂದು ವಿಮಾನ ನಿಲ್ದಾಣದ ನೌಕರರಿಗೂ, ಬ್ಯಾಂಕಿನ ಸಿಬ್ಬಂದಿಗೂ, ಮದುವೆಗೆ ಅಣಿಯಾಗುವ ವಧುವಿಗೂ, ವಧುವಿನ ತಾಯಿಗೂ ಪರಿಚಿತ. ವೀರ ದೇಸಾಯಿ ರಸ್ತೆಯ ಮೊಗವೀರ ಭವನದಂಥ ಸಭಾಂಗಣಗಳಲ್ಲಿ ಶುಭಕಾರ್ಯಕ್ಕೆ ಸೇರುವ ಕನ್ನಡ ಕುಟುಂಬಗಳೂ ಈ ಗಾಳಿಯಿಂದ ಹೊರತಾಗಿರುವುದು ಸಾಧ್ಯವಿಲ್ಲ. ಇದು ಸರಿಯೋ ತಪ್ಪೋ ಎಂಬುದು ಅವರವರ ವಿವೇಚನೆಗೆ ಸೇರಿದ ವಿಷಯ. ಬಾವು ಬಂದಾಗ ಏನು ಮಾಡಬೇಕು ಎಂಬುದಷ್ಟೇ ಈ ಲೇಖನದ ಉದ್ದೇಶ.

ಚುಚ್ಚುವ ವಸ್ತು ಯಾವುದು?

ಮುಖವನ್ನು ತುಂಬುವ ಆಸೆ ಹೊಸದಲ್ಲ. 1899ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ ಪ್ಯಾರಾಫಿನ್ ಮೇಣವನ್ನು ಕರಗಿಸಿ ಶರೀರಕ್ಕೆ ಚುಚ್ಚುವ ಪದ್ಧತಿಯನ್ನು ಆರಂಭಿಸಿದನು. ಕೆಲವೇ ವರ್ಷಗಳಲ್ಲಿ ಮೇಣವು ಗಂಟುಗಟ್ಟಿ ಮುಖಗಳನ್ನು ವಿಕಾರಗೊಳಿಸಿತು. 1903ರಷ್ಟು ಹಿಂದೆಯೇ ಮೂಗಿಗೆ ಮೇಣ ಚುಚ್ಚಿಸಿಕೊಂಡ ರೋಗಿಯೊಬ್ಬರ ಎರಡೂ ಕಣ್ಣುಗಳು ಕುರುಡಾದ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಸುವಿನ ಚರ್ಮದಿಂದ ತೆಗೆದ ಕೊಲಾಜೆನ್ 1981ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. ಈಗ ಹೆಚ್ಚು ಬಳಕೆಯಲ್ಲಿರುವ ಹಯಲುರಾನಿಕ್ ಆಮ್ಲದ ಫಿಲ್ಲರಿಗೆ ಅಲ್ಲಿ ಒಪ್ಪಿಗೆ ದೊರೆತುದು 2003ರ ಡಿಸೆಂಬರಿನಲ್ಲಿ. ಕಣ್ಣಿನ ಕೆಳಗಣ ಕುಳಿಗೆಂದೇ ಒಪ್ಪಿಗೆ ಸಿಕ್ಕಿದ್ದು ಇನ್ನೂ ತಡವಾಗಿ, 2022ರಲ್ಲಿ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಆ ಜಾಗಕ್ಕೆ ಚುಚ್ಚಿದವರೆಲ್ಲ ವೈದ್ಯರ ಸ್ವಂತ ಹೊಣೆಯ ಮೇಲೆ ಚುಚ್ಚಿದವರು.

ಹೆಸರಿನಲ್ಲಿ ಆಮ್ಲವೆಂದಿದ್ದರೂ ಇದು ಸುಡುವ ಪದಾರ್ಥವಲ್ಲ. 1934ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದರು. ಅವರಿಗೆ ಅದು ದೊರೆತುದು ಹಸುವಿನ ಕಣ್ಣಿನೊಳಗಣ ಲೋಳೆಯಂಥ ದ್ರವದಲ್ಲಿ. ಕಣ್ಣಿನಲ್ಲಿ ಕಂಡುಹಿಡಿದ ವಸ್ತುವೇ ಇಂದು ಕಣ್ಣಿನ ಬುಡದಲ್ಲಿ ತೊಂದರೆ ಕೊಡುತ್ತಿರುವುದು ವಿಚಿತ್ರವೇ ಸರಿ. ಎಲ್ಲರ ಚರ್ಮದಲ್ಲಿಯೂ ಕೀಲುಗಳಲ್ಲಿಯೂ ಇದು ಸಹಜವಾಗಿಯೇ ಇದೆ. ಎಪ್ಪತ್ತು ಕಿಲೋ ತೂಕದ ವ್ಯಕ್ತಿಯ ಶರೀರದಲ್ಲಿ ಸುಮಾರು 15 ಗ್ರಾಂ ಇದ್ದು, ಅದರ ಮೂರನೆಯ ಒಂದು ಪಾಲು ದಿನವೂ ಕರಗಿ ಮತ್ತೆ ಹುಟ್ಟುತ್ತದೆ. ಫಿಲ್ಲರಿನಲ್ಲಿರುವ ಆಮ್ಲದ ಎಳೆಗಳನ್ನು ಬೇಗನೆ ಕರಗದಂತೆ ರಾಸಾಯನಿಕವಾಗಿ ಒಂದಕ್ಕೊಂದು ಹೆಣೆದಿರುತ್ತಾರೆ. ಇದರ ಮುಖ್ಯ ಗುಣ ನೀರನ್ನು ಹಿಡಿದಿಟ್ಟುಕೊಳ್ಳುವುದು. ನೆನೆದ ಕಾಮಕಸ್ತೂರಿ ಬೀಜ ಹೇಗೆ ತನ್ನ ಸುತ್ತ ನೀರನ್ನು ಕಟ್ಟಿಕೊಂಡು ಉಬ್ಬುತ್ತದೆಯೋ ಹಾಗೆಯೇ ಇದೂ ಕೂಡ. ತುಂಬುವ ಶಕ್ತಿಯೂ ಬಾವಿನ ಮೂಲವೂ ಈ ಒಂದೇ ಗುಣ.

ರೆಪ್ಪೆಯೇ ಏಕೆ ಬಾಯುತ್ತದೆ?

ಶರೀರದಲ್ಲಿ ಅತ್ಯಂತ ತೆಳುವಾದ ಚರ್ಮ ಕಣ್ಣರೆಪ್ಪೆಯದು. ಅದರ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಮೆ. ಕೆನ್ನೆಯಲ್ಲಿರುವಂತೆ ಚರ್ಮದ ಕೆಳಗೆ ಕೊಬ್ಬಿನ ಹಾಸಿಗೆ ಇಲ್ಲಿಲ್ಲ. ಚರ್ಮಕ್ಕೂ ಸ್ನಾಯುವಿಗೂ ನಡುವೆ ಇರುವುದು ಸಡಿಲವಾದ ನವಿರು ಎಳೆಗಳ ಜಾಲ. ಆದುದರಿಂದ ಸ್ವಲ್ಪ ನೀರು ಬಂದರೂ ತಡೆಯಿಲ್ಲದೆ ಹರಡಿಕೊಳ್ಳುತ್ತದೆ. ಹಣೆಗೆ ಪೆಟ್ಟು ಬಿದ್ದ ಮಗುವಿನ ಕಣ್ಣು ಮರುದಿನ ಮುಚ್ಚಿಹೋಗುವುದು, ಮೇಲ್ದವಡೆಯ ಹಲ್ಲು ಕೀವುಗಟ್ಟಿದಾಗ ಕೆಳರೆಪ್ಪೆ ಬಾಯುವುದು ಈ ಕಾರಣದಿಂದಲೇ.

ಬಂದ ನೀರು ಹೊರಗೆ ಹರಿಯುವ ದಾರಿಯೂ ಇಕ್ಕಟ್ಟಿನದು. ರೆಪ್ಪೆಯ ದುಗ್ಧರಸವು ಕಿವಿಯ ಮುಂದಿನ ಗ್ರಂಥಿಗಳಿಗೂ ದವಡೆಯ ಕೆಳಗಿನ ಗ್ರಂಥಿಗಳಿಗೂ ಸಣ್ಣ ಸಣ್ಣ ನಾಳಗಳ ಮೂಲಕ ಹರಿಯುತ್ತದೆ. ಕೆಳರೆಪ್ಪೆಯೂ ಕೆನ್ನೆಯೂ ಕೂಡುವಲ್ಲಿ ತೆಳುಪೊರೆಯೊಂದು ಅಡ್ಡಗಟ್ಟೆಯಂತೆ ನಿಂತಿದೆ. ಫಿಲ್ಲರನ್ನು ಮೂಳೆಗೆ ಹತ್ತಿ ಆಳದಲ್ಲಿ ಇರಿಸದೆ ಮೇಲ್ಪದರದಲ್ಲಿ ಚುಚ್ಚಿದರೆ, ಅಥವಾ ಪ್ರಮಾಣ ಮೀರಿ ಚುಚ್ಚಿದರೆ, ಅದು ಈ ಕಟ್ಟೆಯ ಮೇಲೆ ಕುಳಿತು ದುಗ್ಧರಸದ ನಾಳಗಳನ್ನು ಒತ್ತುತ್ತದೆ, ತಾನೂ ನೀರು ಹೀರುತ್ತದೆ. ಒಂದು ಸಿರಿಂಜಿನಲ್ಲಿ ಇರುವುದು ಸಾಮಾನ್ಯವಾಗಿ ಒಂದು ಮಿಲಿಲೀಟರು, ಚಹಾ ಚಮಚದ ಐದನೆಯ ಒಂದು ಪಾಲು. ಒಂದು ಕಣ್ಣಿಗೆ ಅದರ ಅರ್ಧವೂ ಅನೇಕ ವೇಳೆ ಹೆಚ್ಚೇ. ‘ಹಣ ಕೊಟ್ಟ ಮೇಲೆ ಸಿರಿಂಜು ಪೂರ್ತಿ ಮುಗಿಸಿಬಿಡಿ’ ಎಂಬ ಲೆಕ್ಕಾಚಾರವು ಈ ಜಾಗದಲ್ಲಿ ಸಲ್ಲದು.

ಗಡಿಯಾರವನ್ನು ನೋಡಬೇಕಾದ ಬಾವು

ಚಿಕಿತ್ಸೆ ಬಾವಿನ ಗಾತ್ರವನ್ನು ಅವಲಂಬಿಸಿಲ್ಲ. ಅದು ಯಾವಾಗ ಬಂತು, ಜೊತೆಯಲ್ಲಿ ಏನು ಬಂತು ಎಂಬುದನ್ನು ಅವಲಂಬಿಸಿದೆ. ಆದುದರಿಂದ ವೈದ್ಯರ ಮೊದಲ ಪ್ರಶ್ನೆ ಕಾಲವನ್ನು ಕುರಿತದ್ದು.

ಚುಚ್ಚಿದ ದಿನ ಅಥವಾ ಮರುದಿನ, ನೋವು ಅಷ್ಟಾಗಿ ಇಲ್ಲದೆ, ದೃಷ್ಟಿ ಸರಿಯಾಗಿಯೇ ಇದ್ದು ಬರುವ ಬಾವು ಸೂಜಿಯ ಗಾಯದ್ದು. ರಕ್ತ ಹೆಪ್ಪುಗಟ್ಟಿ ನೀಲಿಯಾಗುವುದೂ ಉಂಟು. ಇದಕ್ಕೆ ಔಷಧಿಗಿಂತ ತಾಳ್ಮೆ ಹೆಚ್ಚು ಬೇಕು. ಮಂಜುಗಡ್ಡೆಯನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟು ತೆಗೆಯುವುದು, ಎರಡು ದಿಂಬಿನ ಮೇಲೆ ತಲೆ ಎತ್ತರಿಸಿ ಮಲಗುವುದು, ಉಪ್ಪು ಕಡಮೆ ಮಾಡುವುದು ಸಾಕು. ತಿಕ್ಕಬಾರದು, ಹಬೆ ಹಿಡಿಯಬಾರದು, ಒಂದೆರಡು ದಿನ ಮದ್ಯವನ್ನೂ ಕಠಿಣ ವ್ಯಾಯಾಮವನ್ನೂ ದೂರವಿಡಬೇಕು. ಸೂಜಿ ತೂರಿದ ಚರ್ಮಕ್ಕೆ ತೇಯ್ದ ಗಂಧವನ್ನಾಗಲಿ ನೆನೆಸಿದ ಹೂವನ್ನಾಗಲಿ ತಗಲಿಸಬಾರದು. ಅವುಗಳೊಡನೆ ಕ್ರಿಮಿಗಳೂ ಒಳಗೆ ಹೋದಾವು. ಹೃದಯಕ್ಕಾಗಿ ಆಸ್ಪಿರಿನ್ ನುಂಗುವವರು ನೀಲಿಗಟ್ಟೀತೆಂದು ತಾವಾಗಿಯೇ ಅದನ್ನು ನಿಲ್ಲಿಸಬಾರದು. ಈ ಬಾವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರಗಳಲ್ಲಿ ಇಳಿಯುತ್ತದೆ. ಮದುವೆಯ ಮುನ್ನಾದಿನ, ಅಥವಾ ಕೊಂಕಣ ರೈಲಿನಲ್ಲಿ ಊರಿಗೆ ಹೊರಡುವ ಸಂಜೆ ಚುಚ್ಚಿಸಿಕೊಳ್ಳುವುದು ಅವಿವೇಕವೆನ್ನುವುದು ಇದಕ್ಕಾಗಿಯೇ. ರಾತ್ರಿಯ ಬೋಗಿಯಲ್ಲಿ ಕಣ್ಣು ಬಾತರೆ ನೋಡುವ ವೈದ್ಯರು ಯಾರು?

ತುರಿಕೆಯೊಡನೆ ಎರಡೂ ಕಡೆ ಬೇಗ ಬೇಗನೆ ಏರುವ ಬಾವು ಒಗ್ಗದಿಕೆಯದು, ಎಂದರೆ ಅಲರ್ಜಿಯದು. ಫಿಲ್ಲರಿನಲ್ಲಿ ಬೆರೆತಿರುವ ಮರವಿನ ಔಷಧಿಯೋ ಮೇಲೆ ಹಚ್ಚಿದ ಮುಲಾಮೋ ಅದಕ್ಕೆ ಕಾರಣವಾಗಿರಬಹುದು. ವೈದ್ಯರು ಹೇಳಿದ ಅಲರ್ಜಿಯ ಮಾತ್ರೆಯಿಂದ ಇದು ಇಳಿಯುತ್ತದೆ. ನಾಲಗೆ ದಪ್ಪವಾದರೆ, ಧ್ವನಿ ಕುಗ್ಗಿದರೆ, ಉಸಿರು ಸಿಕ್ಕಿಕೊಂಡರೆ ಮಾತ್ರೆಗಾಗಿ ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಧಾವಿಸತಕ್ಕದ್ದು. ಅಲ್ಲಿ ಬೇಕಾಗುವುದು ಅಡ್ರಿನಲಿನ್ ಚುಚ್ಚುಮದ್ದು.

ಕೆಲವು ದಿನ ಕಳೆದು ಒಂದೇ ಕಡೆ ಕೆಂಪಗೆ, ಬಿಸಿಯಾಗಿ, ಮುಟ್ಟಿದರೆ ನೋಯುವಂತೆ ಬಾತರೆ ಅದು ಸೋಂಕು. ಇಲ್ಲಿ ಪ್ರತಿಜೈವಿಕ ಔಷಧಿ ಮೊದಲು, ಉಳಿದುದು ಆಮೇಲೆ. ಫಿಲ್ಲರ್ ಕರಗಿಸುವ ಮದ್ದನ್ನು ಆತುರದಿಂದ ಚುಚ್ಚಿದರೆ ಸೋಂಕು ಹರಡುವ ಭಯವುಂಟು. ಜ್ವರ ಬಂದರೆ, ಕಣ್ಣುಗುಡ್ಡೆ ಮುಂದಕ್ಕೆ ಬಂದಂತೆ ಕಂಡರೆ, ಕಣ್ಣು ಹೊರಳಿಸಿದಾಗ ನೋವಾದರೆ, ಒಂದು ವಸ್ತು ಎರಡಾಗಿ ಕಂಡರೆ ಅದು ಮನೆಯಲ್ಲಿ ನೋಡಿಕೊಳ್ಳುವ ಕಾಯಿಲೆಯಲ್ಲ.

ಇವೆಲ್ಲಕ್ಕಿಂತ ಭಯಂಕರವಾದುದು ಅಪರೂಪದ ಮತ್ತೊಂದು. ಮೂಗಿನ ಬದಿಯ, ಹುಬ್ಬುಗಳ ನಡುವಿನ ರಕ್ತನಾಳಗಳಿಗೂ ಕಣ್ಣಿನ ಒಳಗಣ ರಕ್ತನಾಳಗಳಿಗೂ ಸಂಪರ್ಕವಿದೆ. ಸೂಜಿಯ ತುದಿ ನಾಳದೊಳಗೆ ಹೊಕ್ಕು ಫಿಲ್ಲರು ರಕ್ತದಲ್ಲಿ ಹಿಮ್ಮುಖವಾಗಿ ಸಾಗಿದರೆ ಅಕ್ಷಿಪಟಕ್ಕೆ ರಕ್ತ ನಿಂತುಹೋಗುತ್ತದೆ. ಚುಚ್ಚಿದ ಕ್ಷಣದಲ್ಲಿಯೇ ಅಥವಾ ಸ್ವಲ್ಪ ಹೊತ್ತಿನಲ್ಲಿ ದೃಷ್ಟಿ ಮಂಕಾಗುವುದು, ಕಣ್ಣಿನಲ್ಲಿ ತೀವ್ರ ನೋವು, ರೆಪ್ಪೆ ಜೋಲುವುದು, ಚರ್ಮ ಬಿಳಿಚಿ ಬಳಿಕ ಬಲೆಯಂತೆ ನೀಲಿಗಟ್ಟುವುದು ಇದರ ಚಿಹ್ನೆಗಳು. ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾದ ಇಂಥ ದೃಷ್ಟಿಹಾನಿಯ 98 ಪ್ರಕರಣಗಳನ್ನು 2015ರ ಸಮೀಕ್ಷೆಯೊಂದು ಒಟ್ಟುಗೂಡಿಸಿತು. 2019ರಲ್ಲಿ ಅದೇ ತಂಡ ಹೊಸದಾಗಿ 48 ಪ್ರಕರಣಗಳನ್ನು ಸೇರಿಸಿತು. ಕೋಟಿಗಟ್ಟಲೆ ಚುಚ್ಚುಮದ್ದುಗಳ ಮುಂದೆ ಇದು ಅಲ್ಪಸಂಖ್ಯೆ ನಿಜ. ಆದರೆ ಕಣ್ಣು ಕಳೆದುಕೊಂಡವರಿಗೆ ಈ ಲೆಕ್ಕದಿಂದ ಸಮಾಧಾನವಿಲ್ಲ. ರಕ್ತವಿಲ್ಲದೆ ಅಕ್ಷಿಪಟ ಒಂದೂವರೆ ಗಂಟೆಗಿಂತ ಹೆಚ್ಚು ಬಾಳದೆಂದು ಹಿಂದೆ ಎಣಿಸಲಾಗಿತ್ತು. ಇತ್ತೀಚಿನ ಅಂದಾಜುಗಳು ಇನ್ನೂ ಕಡಮೆ. ಅಂಧೇರಿ ಪೂರ್ವದಿಂದ ಪಶ್ಚಿಮಕ್ಕೆ ಸಂಜೆಯ ವೇಳೆ ದಾಟಲು ಎಷ್ಟು ಹೊತ್ತು ಬೇಕೆಂಬುದನ್ನು ಇಲ್ಲಿನ ನಿವಾಸಿಗಳಿಗೆ ಹೇಳಬೇಕಾಗಿಲ್ಲ. ಆದುದರಿಂದ ಕರಗಿಸುವ ಮದ್ದು ಚುಚ್ಚುವ ಕೊಠಡಿಯಲ್ಲಿಯೇ ಇರಬೇಕು. ಕಣ್ಣಿನ ವೈದ್ಯರಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ಗೊತ್ತಿರಬೇಕು. ಚರ್ಮ ಬಿಳಿಚಿದ್ದರೆ ಮಂಜುಗಡ್ಡೆ ಇಡಲೇಬಾರದು, ತಂಪು ರಕ್ತನಾಳವನ್ನು ಇನ್ನಷ್ಟು ಕುಗ್ಗಿಸುತ್ತದೆ. ‘ನಾಳೆ ಬೆಳಗ್ಗೆ ನೋಡೋಣ’ ಎಂಬ ಮಾತು ಈ ಒಂದು ಬಾವಿಗೆ ಸಲ್ಲುವುದಿಲ್ಲ.

ವರ್ಷಗಳ ಬಳಿಕ ಬರುವ ಬಾವು

ಇನ್ನು ಹೆಚ್ಚು ಜನರನ್ನು ಕಾಡುವ, ಹೆಚ್ಚು ತಪ್ಪು ಚಿಕಿತ್ಸೆಗೆ ಗುರಿಯಾಗುವ ಬಾವಿನ ವಿಷಯ. ಫೋರ್ ಬಂಗ್ಲೋಸ್ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ನಲವತ್ತೈದು ವಯಸ್ಸಿನ ಗೃಹಿಣಿಯೊಬ್ಬಳು ಮೂರು ವರ್ಷಗಳ ಹಿಂದೆ, ಮೈದುನನ ಮದುವೆಗೆ ಮುಂಚೆ, ಕಣ್ಣಿನ ಕೆಳಗೆ ಫಿಲ್ಲರ್ ಹಾಕಿಸಿಕೊಂಡಿದ್ದಾಳೆ. ಖರ್ಚು ಮನೆಯ ಲೆಕ್ಕದಲ್ಲಿ ಬೇರೆ ಹೆಸರಿನಲ್ಲಿ ಸೇರಿದೆ. ಆಗ ಎಲ್ಲರೂ ಮೆಚ್ಚಿದ್ದರು. ಈಗ ದಿನವೂ ಬೆಳಗ್ಗೆ ಕೆಳರೆಪ್ಪೆಯ ಕೆಳಗೆ ಚಂದ್ರಾಕಾರದ ಬಾವು. ಮಧ್ಯಾಹ್ನಕ್ಕೆ ಸ್ವಲ್ಪ ಇಳಿಯುತ್ತದೆ. ಉಪ್ಪಿನಕಾಯಿ ಹಪ್ಪಳ ಹೆಚ್ಚಾದ ಮರುದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ, ನೆಗಡಿಯಾದಾಗ ಏರುತ್ತದೆ. “ಎಂತ ಮಗಾ, ರಾತ್ರಿ ನಿದ್ದೆ ಬರಲಿಲ್ಲವಾ?” ಎಂದು ಅತ್ತೆ ಕೇಳುತ್ತಾರೆ. ಅತ್ತೆಯೇ ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ‘ಮುಖಕ್ಕೆ ಏನಾದರೂ ಚಿಕಿತ್ಸೆ ಮಾಡಿಸಿದ್ದುಂಟೆ?’ ಎಂದು ವೈದ್ಯರು ಕೇಳಿದರೆ, ಅತ್ತೆ ಪಕ್ಕದ ಕುರ್ಚಿಯಲ್ಲಿರುವಾಗ, ಉತ್ತರ ‘ಇಲ್ಲ’ ಎಂದೇ ಬರುತ್ತದೆ. ಆಮೇಲೆ ಸೈನಸ್ಸಿನ ಎಕ್ಸ್‌ರೇ, ಅಲರ್ಜಿಯ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಹೊಸ ಕನ್ನಡಕ. ಬಾವು ಮಾತ್ರ ಹಾಗೆಯೇ ಉಳಿಯುತ್ತದೆ.

ಆಕೆಯ ಮೌನಕ್ಕೆ ನಾಚಿಕೆ ಮಾತ್ರ ಕಾರಣವಲ್ಲ. ಆರು ತಿಂಗಳಲ್ಲಿ, ಹೆಚ್ಚೆಂದರೆ ವರ್ಷದಲ್ಲಿ ಕರಗಿಹೋಗುತ್ತದೆಂದು ಚುಚ್ಚಿದವರು ಹೇಳಿದ್ದರು. ಮೂರು ವರ್ಷದ ಹಿಂದಿನದು ಈಗೇಕೆ ತೊಂದರೆ ಕೊಟ್ಟೀತೆಂದು ಅವಳೇ ನಂಬಿದ್ದಾಳೆ. ಈ ನಂಬಿಕೆ ಸರಿಯಲ್ಲವೆಂದು ಈಗ ಗೊತ್ತಾಗಿದೆ. ಎಂ.ಆರ್.ಐ. ಚಿತ್ರಗಳಲ್ಲಿ ಕಣ್ಣಿನ ಸುತ್ತಣ ಫಿಲ್ಲರು ಅನೇಕ ವರ್ಷಗಳ ನಂತರವೂ ಕಾಣಿಸಿಕೊಂಡಿದೆ. ಕೆನ್ನೆಯಂತೆ ಹೆಚ್ಚು ಚಲಿಸದ ಈ ಜಾಗದಲ್ಲಿ ಅದು ನಿಧಾನವಾಗಿ ಕರಗುತ್ತದೆ, ಕೆಲವೊಮ್ಮೆ ಸರಿದು ಬೇರೆಡೆ ನಿಲ್ಲುತ್ತದೆ. ಬಹುಕಾಲ ಸುಮ್ಮನಿದ್ದ ಫಿಲ್ಲರು ಜ್ವರ, ಹಲ್ಲಿನ ಸೋಂಕು ಮುಂತಾದುವುಗಳಿಂದ ಶರೀರದ ರಕ್ಷಣಾಶಕ್ತಿ ಕೆರಳಿದಾಗ ಒಮ್ಮೆಲೇ ಬಾಯುವುದೂ ಉಂಟು. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಾಡರ್ನಾ ಕೋವಿಡ್ ಲಸಿಕೆಯ ಪರೀಕ್ಷೆಯಲ್ಲಿ ಹಿಂದೆ ಫಿಲ್ಲರ್ ಹಾಕಿಸಿಕೊಂಡಿದ್ದ ಮೂವರಿಗೆ ಮುಖ ಅಥವಾ ತುಟಿ ಬಾತುದು ವರದಿಯಾಯಿತು. ಚಿಕಿತ್ಸೆಯಿಂದ ಇಂಥ ಬಾವು ಇಳಿಯುತ್ತದೆ. ಲಸಿಕೆ ಬೇಡವೆನ್ನಲು ಇದು ಕಾರಣವಲ್ಲ.

ಹಾಗೆಂದು ಬೆಳಗಿನ ಬಾವನ್ನೆಲ್ಲ ಫಿಲ್ಲರಿನ ತಲೆಗೆ ಕಟ್ಟುವುದೂ ತಪ್ಪು. ಮೂತ್ರಪಿಂಡದ ಕಾಯಿಲೆಯಲ್ಲಿ ರೆಪ್ಪೆ ಬೆಳಗ್ಗೆ ಬಾಯುತ್ತದೆ. ಥೈರಾಯ್ಡ್ ದೋಷದಲ್ಲಿಯೂ ಬಾಯುತ್ತದೆ. ಮೂತ್ರದಲ್ಲಿ ಆಲ್ಬುಮಿನ್, ರಕ್ತದ ಒತ್ತಡ, ಥೈರಾಯ್ಡ್ ಪರೀಕ್ಷೆ ಇವನ್ನು ಮಾಡಿಸಲೇಬೇಕು. ಆದರೆ ಇವುಗಳ ಜೊತೆಗೆ ಸೂಜಿಯ ಮಾತನ್ನೂ ಹೇಳಬೇಕು, ಎಷ್ಟು ವರ್ಷ ಹಿಂದಿನದಾಗಿದ್ದರೂ. ವೈದ್ಯರಿಗೂ ಒಂದು ಕರ್ತವ್ಯವುಂಟು: ಈ ಪ್ರಶ್ನೆ ಕೇಳುವ ಮುನ್ನ ಜೊತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕೂರಿಸಬೇಕು. ಎಷ್ಟೋ ಪರೀಕ್ಷೆಗಳ ಖರ್ಚು ಆ ಎರಡು ನಿಮಿಷದಲ್ಲಿ ಉಳಿಯುತ್ತದೆ. ಚರ್ಮದ ಅಡಿಯಲ್ಲಿ ತಿಳಿನೀಲಿ ಛಾಯೆ ಕಂಡರೆ ಫಿಲ್ಲರು ಮೇಲ್ಪದರದಲ್ಲಿದೆಯೆಂದು ಅನುಭವಿಗಳು ಊಹಿಸಬಲ್ಲರು. ಸಂದೇಹವಿದ್ದರೆ ಚರ್ಮದ ಅಲ್ಟ್ರಾಸೌಂಡ್ ಪರೀಕ್ಷೆ ನೆರವಾಗುತ್ತದೆ.

ಕರಗಿಸುವ ಕಿಣ್ವ

ಹಯಲುರಾನಿಕ್ ಆಮ್ಲದ ಫಿಲ್ಲರಿಗೆ ಒಂದು ದೊಡ್ಡ ಅನುಕೂಲವುಂಟು: ಅದನ್ನು ಕರಗಿಸಬಹುದು. ಹಯಲುರಾನಿಡೇಸ್ ಎಂಬ ಕಿಣ್ವವು ಹೆಣೆದ ಎಳೆಗಳನ್ನು ಕತ್ತರಿಸುತ್ತದೆ. ಹಿಡಿದಿಟ್ಟ ನೀರು ಬಿಡುಗಡೆಯಾಗಿ ಹೋಗುತ್ತದೆ. ಇದು ಹೊಸ ಔಷಧಿಯಲ್ಲ. 1949ರಷ್ಟು ಹಿಂದೆಯೇ ಕಣ್ಣಿನ ವೈದ್ಯರು ಮರವಿನ ಮದ್ದು ಚೆನ್ನಾಗಿ ಹರಡಲೆಂದು ಇದನ್ನು ಬೆರೆಸತೊಡಗಿದರು. ಕಣ್ಣಿನ ಪೊರೆಯ, ಮುಂಬಯಿಯ ಮಾತಿನಲ್ಲಿ ಮೋತಿಬಿಂದುವಿನ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಜ್ಜ ಅಜ್ಜಿಯರಲ್ಲಿ ಅನೇಕರು ಈ ಕಿಣ್ವವನ್ನು ಅರಿಯದೆಯೇ ಪಡೆದಿದ್ದಾರೆ.

ಕುರಿ ಅಥವಾ ಹಸುವಿನಂಥ ಪ್ರಾಣಿಗಳಿಂದ ತೆಗೆದ ಕಿಣ್ವವಾದರೆ ಕೆಲವರಿಗೆ ಒಗ್ಗದಿರಬಹುದು. ತುರ್ತಿಲ್ಲದ ಸಂದರ್ಭದಲ್ಲಿ ಮೊದಲು ಮುಂದೋಳಿನ ಚರ್ಮದಲ್ಲಿ ಸ್ವಲ್ಪ ಚುಚ್ಚಿ ನೋಡುವುದು ಒಳ್ಳೆಯದು. ಜೇನುಹುಳ ಕಡಿದು ಉಸಿರುಕಟ್ಟಿದ ಅನುಭವವಿದ್ದವರು ಅದನ್ನು ತಪ್ಪದೆ ತಿಳಿಸಬೇಕು, ಏಕೆಂದರೆ ಜೇನಿನ ವಿಷದಲ್ಲಿಯೂ ಇದೇ ಬಗೆಯ ಕಿಣ್ವವಿದೆ. ಕಣ್ಣು ಹೋಗುವ ಭಯವಿದ್ದಾಗ ಮಾತ್ರ ಈ ಪರೀಕ್ಷೆಗಾಗಿ ಕಾಯುವುದಿಲ್ಲ.

ಚುಚ್ಚಿದ ಬಳಿಕ ಪರಿಣಾಮ ಕೆಲವು ಗಂಟೆಗಳಲ್ಲಿ ಆರಂಭವಾಗಿ ಒಂದೆರಡು ದಿನಗಳಲ್ಲಿ ಸ್ಪಷ್ಟವಾಗುತ್ತದೆ. ಆದರೆ ಆ ಒಂದೆರಡು ದಿನ ಬಾವು ಇಳಿಯುವ ಬದಲು ಹೆಚ್ಚಬಹುದೆಂಬುದನ್ನು ರೋಗಿಗೆ ಮೊದಲೇ ಹೇಳಿರಬೇಕು. 2025ರ ಜುಲೈ ತಿಂಗಳಲ್ಲಿ ಮುಂಬಯಿಯ ನಟಿ ಉರ್ಫಿ ಜಾವೇದ್ ತಮ್ಮ ತುಟಿಯ ಫಿಲ್ಲರನ್ನು ಕರಗಿಸಿಕೊಳ್ಳುವ ದೃಶ್ಯವನ್ನು ತಾವಾಗಿಯೇ ಜನರ ಮುಂದಿಟ್ಟರು. ಫಿಲ್ಲರು ಸರಿಯಾದ ಜಾಗದಲ್ಲಿ ಕೂತಿರಲಿಲ್ಲವೆಂದೂ, ಕರಗಿಸುವುದು ನೋವಿನ ಕೆಲಸವೆಂದೂ ಅವರು ಹೇಳಿದರು. ಅವರ ತುಟಿಯೂ ಮುಖವೂ ಬಾತ ಚಿತ್ರವನ್ನು ನೋಡಿ ನಕ್ಕವರು ಬಹಳ ಮಂದಿ. ಆದರೆ ಮುಚ್ಚಿಡುವ ಬದಲು ತೋರಿಸಿದ್ದರಿಂದ, ಕರಗಿಸುವ ಚಿಕಿತ್ಸೆಯೂ ಮೊದಲು ಬಾಯಿಸುತ್ತದೆಂಬ ಸಂಗತಿ ಲಕ್ಷಾಂತರ ಜನರಿಗೆ ತಿಳಿಯಿತು. ವೈದ್ಯಕೀಯ ಉಪನ್ಯಾಸಕ್ಕೆ ಇಷ್ಟು ಶ್ರೋತೃಗಳು ಸಿಗುವುದಿಲ್ಲ.

ಒಮ್ಮೆಗೆ ಪೂರ್ತಿ ಕರಗದಿದ್ದರೆ ಎರಡು ವಾರಗಳ ತರುವಾಯ ಮತ್ತೊಮ್ಮೆ ಚುಚ್ಚಬೇಕಾದೀತು. ಹಳೆಯ ಕುಳಿ ಮತ್ತೆ ಕಾಣುವುದು ಖಂಡಿತ. ಚರ್ಮದ ಸ್ವಂತ ಆಮ್ಲವೂ ಅಷ್ಟಿಷ್ಟು ಕರಗಿ ಕೆಲವು ದಿನ ಮುಖ ಬತ್ತಿದಂತೆ ಕಂಡರೂ ಶರೀರ ಅದನ್ನು ಮತ್ತೆ ಉಂಟುಮಾಡಿಕೊಳ್ಳುತ್ತದೆ. ಬಾವು ಇಳಿದ ಕೂಡಲೇ ಹೊಸ ಫಿಲ್ಲರ್ ಹಾಕಿಸಲು ಅವಸರಪಡಬಾರದು.

ಎಲ್ಲ ಫಿಲ್ಲರುಗಳೂ ಹೀಗೆ ಕರಗುವುದಿಲ್ಲ. ಕ್ಯಾಲ್ಸಿಯಂ ಕಣಗಳಿಂದಾದುದು, ಸಿಲಿಕೋನ್, ಸ್ವಂತ ಶರೀರದಿಂದ ತೆಗೆದ ಕೊಬ್ಬು ಇವುಗಳ ಮೇಲೆ ಈ ಕಿಣ್ವ ನಿಷ್ಫಲ. ಅಲ್ಲಿ ಉಳಿಯುವುದು ಸ್ಟಿರಾಯಿಡ್ ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆ. ಸ್ಟಿರಾಯಿಡಿನಿಂದ ರೆಪ್ಪೆಯ ಚರ್ಮ ಇನ್ನೂ ತೆಳುವಾಗುವ ಭಯವಿದೆ. ಏನನ್ನು ಚುಚ್ಚಿದರೆಂಬುದೇ ಗೊತ್ತಿಲ್ಲದಿದ್ದರೆ ಚಿಕಿತ್ಸೆ ಕತ್ತಲೆಯಲ್ಲಿ ತಡಕಾಡಿದಂತೆ. ಬ್ಯೂಟಿ ಪಾರ್ಲರಿನಲ್ಲಿ, ಮಿತ್ರೆಯ ಮನೆಯಲ್ಲಿ, ಸೂಜಿಯಿಲ್ಲದ ‘ಪೆನ್’ ಎಂಬ ಉಪಕರಣದಿಂದ ತುಂಬಿಸಿಕೊಂಡವರ ಪಾಡು ಇದೇ. ಈ ಪೆನ್ನಿನ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2021ರ ಅಕ್ಟೋಬರಿನಲ್ಲಿಯೇ ಎಚ್ಚರಿಕೆ ನೀಡಿತ್ತು. ಚುಚ್ಚುವವರು ಚರ್ಮರೋಗ ತಜ್ಞರೋ ಪ್ಲಾಸ್ಟಿಕ್ ಸರ್ಜನರೋ ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ತರಬೇತಾದ ಕಣ್ಣಿನ ವೈದ್ಯರೋ ಆಗಿರಬೇಕು.

ಫಿಲ್ಲರಿನ ಪೊಟ್ಟಣದ ಮೇಲೆ ಹೆಸರು, ತಯಾರಿಕೆಯ ಸಂಖ್ಯೆ, ಅವಧಿ ಇರುವ ಅಂಟುಚೀಟಿ ಇರುತ್ತದೆ. ಪೊಟ್ಟಣವನ್ನು ಕಣ್ಣೆದುರಿಗೇ ಒಡೆಸಿ, ಆ ಚೀಟಿಯನ್ನು ಕೇಳಿ ಪಡೆದು, ಯಾವ ದಿನ ಎಲ್ಲಿ ಎಷ್ಟು ಚುಚ್ಚಿದರೆಂದು ಅದರ ಹಿಂದೆ ಬರೆಸಿಕೊಳ್ಳತಕ್ಕದ್ದು. ಮನೆಯವರ ರಕ್ತಪರೀಕ್ಷೆಯ ಕಾಗದಗಳೂ ಲಸಿಕೆಯ ಚೀಟಿಗಳೂ ಇರುವ ಕಡತದಲ್ಲಿಯೇ ಇದನ್ನೂ ಇಟ್ಟರೆ, ಐದು ವರ್ಷಗಳ ಬಳಿಕ ರೆಪ್ಪೆ ಬಾತ ಬೆಳಗ್ಗೆ ವೈದ್ಯರ ಮೇಜಿನ ಮೇಲೆ ಇಡಲು ಅದು ಕೈಗೆ ಸಿಗುತ್ತದೆ.